ಪಡುವಣಕ್ಕೆ ಮುಖ ಮಾಡಿದ ಕೊಡೆ

೧೨ ಜನವರಿ ೨೦೧೫, ಸೌತ್ ಬಿ

ದಿನಕ್ಕೊಂದು ಪುಟ ಬರೀಬೇಕಂತೆ. ಬಲಗೈಗೆ ಅದೇ ಔಷಧ ಅಂತ ಮೇರಿಯ ಅಪ್ಪಣೆ. ಮೇರಿ ಅಂದರೆ ವಾರಕ್ಕೆ ಮೂರು ಸಲ ಬಂದು ನನ್ನ ಕೈಕಾಲು ತಿರುಚಿ ಹೋಗುವ ಫಿಸಿಯೋಥೆರಪಿಯ ಹೆಂಗಸು. ಏನು ಬರೀಲಿ ಅಂದೆ. ಏನಾದರೂ ಬರೀರಿ, ಯಾರೂ ಓದಲ್ಲ ಅಂದಳು. ಅಕ್ಷರ ನೋಡಿದರೆ ಒಂದನೇ ಕ್ಲಾಸಿನವರೂ ನಗಬೇಕು. ಸಾಕು.

೧೪ ಜನವರಿ

ಸಿಕ್ಕಿಬಿದ್ದೆ. ರಬ್ಬರ್ ಚೆಂಡನ್ನು ದಿನಾ ಇಪ್ಪತ್ತು ಸಲ ಹಿಸುಕಿ ಗೋಡೆಯ ಮೇಲಿನ ಚಾರ್ಟಿನಲ್ಲಿ ಸಹಿ ಹಾಕಬೇಕು. ನಾನು ಭಾನುವಾರವೇ ಕೂತು ಇಡೀ ವಾರದ ಸಹಿ ಹಾಕಿ ಕೈ ತೊಳೆದುಕೊಂಡಿದ್ದೆ. ಮೂವತ್ತೆಂಟು ವರ್ಷ ಸರ್ಕಾರಿ ಸಂಬಳ ತಿಂದವನಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ.

"ಮ್ವಾಲಿಮು, ಇವತ್ತು ಬುಧವಾರ. ಶುಕ್ರವಾರದ ಚೆಂಡನ್ನ ಯಾವಾಗ ಹಿಸುಕಿದಿರಿ?" ಅಂದಳು ಮೇರಿ. ಮ್ವಾಲಿಮು ಅಂದರೆ ಇಲ್ಲಿಯವರ ಭಾಷೆಯಲ್ಲಿ ಮೇಷ್ಟ್ರು. ಮಗಳು ನಿರುಪಮಾ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು. ಕೀನ್ಯಾಕ್ಕೆ, ಅವಳ ಮನೆಗೆ, ಎರಡು ತಿಂಗಳಿಗೆ ಅಂತ ಬಂದವನು ಲಕ್ವ ಹೊಡೆಸಿಕೊಂಡು ಕೂತಿದ್ದೇನೆ. ಡಾಕ್ಟರು ಹೂಂ ಅನ್ನುವವರೆಗೆ ವಿಮಾನ ಹತ್ತುವ ಹಾಗಿಲ್ಲ. ಎಪ್ಪತ್ತೊಂಬತ್ತಕ್ಕೆ ಇದೂ ಒಂದು ಬೇಕಾಗಿತ್ತು.

೧೯ ಜನವರಿ

ಅಳಿಯ ಯಶವಂತನಿಗೆ ಈಗ ಊಟಕ್ಕೂ ಪುರುಸೊತ್ತಿಲ್ಲ. ಈ ದೇಶದಲ್ಲಿ ಹಳೇ ಥರದ ಟಿ.ವಿ. ಪ್ರಸಾರ ನಿಲ್ಲಿಸಿ ಹೊಸದು ತರುತ್ತಾರಂತೆ. ಛಾವಣಿ ಮೇಲಿನ ಆಂಟೆನಾ ಒಂದೇ ಇದ್ದರೆ ಪರದೆ ಕಪ್ಪಾಗುತ್ತದಂತೆ, ಡಬ್ಬಿ ಒಂದು ಜೋಡಿಸಬೇಕು. ಅವನ ಕಂಪನಿ ಆ ಡಬ್ಬಿಗಳ ಕೆಲಸ ಮಾಡುತ್ತದೆ.

ನನಗೂ ಟಿ.ವಿ. ಕೆಲಸ ಗೊತ್ತಪ್ಪ ಅಂದೆ. ಯಾರೂ ನಂಬಲಿಲ್ಲ. ರಾಯಚೂರು ಜಿಲ್ಲೆಯ ಯರಗಲ್ಲಿನಲ್ಲಿ ಎಪ್ಪತ್ತೈದರಲ್ಲಿ ಮೊದಲ ಟಿ.ವಿ. ಬಂದಾಗ ಅದರ ಬೀಗದಕೈ ನನ್ನ ಜನಿವಾರದಲ್ಲಿತ್ತು. ಬೆಂಗಳೂರಿನವರು ಟಿ.ವಿ. ಕಣ್ಣಲ್ಲಿ ನೋಡುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ಮೊಮ್ಮಗಳು ಪ್ರಣತಿ, ಹನ್ನೆರಡು ವರ್ಷ, ಫೋನಿನಿಂದ ಕಣ್ಣೆತ್ತಿ ಇಂಗ್ಲಿಷಿನಲ್ಲಿ ಕೇಳಿದಳು, ಆಮೇಲೆ ಏನಾಯ್ತು ಅಂತ. ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಒಂದು ತರಲೆ ಹುಡುಗಿ ಕೆಡಿಸಿಬಿಟ್ಟಳು ಅಂದೆ. ಮೊದಲಿಂದ ನಾನು ಹೇಳುತ್ತಾ ಬಂದಿರುವುದು ಹೀಗೇ.

ಆ ಮಗು ಹತ್ತು ಮಾತಿಗೆ ಒಂದಕ್ಕೂ ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ. ಇಂಥವರನ್ನು ನನ್ನ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

೨೬ ಜನವರಿ

ಇವತ್ತು ಪ್ರಣತಿ ತಾನಾಗಿ ಬಂದು ಕೂತಳು. ಸ್ಕೂಲಿನಲ್ಲಿ ಮನೆಯ ಹಿರಿಯರ ಕಥೆ ಬರೀಬೇಕಂತೆ. ಟೆಲ್ ಮಿ ತಾತ ಅಂದಳು. ಹೇಳಿದೆ.

ಮೊದಲು ಬಂದದ್ದು ಕೊಡೆ, ಈಗಿನವರು ಡಿಶ್ ಅನ್ನುವುದು. ಹತ್ತಡಿ ಅಗಲದ ಕಬ್ಬಿಣದ ಚೌಕಟ್ಟಿಗೆ ಕೋಳಿಗೂಡಿಗೆ ಹಾಕುವ ತಂತಿಬಲೆ ಬಿಗಿದಿದ್ದರು. ಅದನ್ನು ಶಾಲೆಯ ಮಾಳಿಗೆ ಮೇಲೆ ಪಡುವಣಕ್ಕೆ ವಾರೆಯಾಗಿ ನಿಲ್ಲಿಸಿದರು. ಇದರಲ್ಲಿ ಮಳೆನೀರೂ ನಿಲ್ಲಂಗಿಲ್ಲ, ಇದೆಂಥಾ ಕೊಡೆ ಅಂತ ಊರವರು ಗೇಲಿ ಮಾಡಿದರು. ಆಗಸ್ಟ್ ಒಂದನೇ ತಾರೀಖು ಸಂಜೆ ನಾನು ಮರದ ಪೆಟ್ಟಿಗೆಯ ಬೀಗ ತೆಗೆದೆ. ಗಾಜು ಮೊದಲು ಕುದಿಯಿತು, ಆಮೇಲೆ ತಿಳಿಯಾಯಿತು. ಒಬ್ಬ ಮನುಷ್ಯ ಕನ್ನಡದಲ್ಲಿ ನಮಸ್ಕಾರ ಅಂದ. ಇನ್ನೂರು ಜನ ವಾಪಸ್ಸು ನಮಸ್ಕಾರ ಅಂದರು. ನಾನೂ ಅಂದೆ.

ಸಮುದ್ರ ತೋರಿಸಿದ ದಿನ ಮುಂದಿನ ಸಾಲಿನವರು ಕಾಲು ಮಡಚಿಕೊಂಡರು. ಬಾಂಬು ಬಿದ್ದ ಜಪಾನಿನ ಊರನ್ನು ಒಂದು ದಿನ ತೋರಿಸಿದರು. ಯುದ್ಧ ಮುಗಿದಾಗ ನನಗೆ ಒಂಬತ್ತು ವರ್ಷ, ಅಪ್ಪ ಪೇಪರ್ ಓದಿ ಹೇಳಿದ್ದರು. ಮುಗಿಯಿತು ಅನ್ನುವುದು ಗೊತ್ತಿತ್ತು, ಏನು ಮುಗಿಯಿತು ಅನ್ನುವುದನ್ನು ಮೂವತ್ತು ವರ್ಷ ಆದಮೇಲೆ ಯರಗಲ್ಲಿನ ಶಾಲೆಯ ಜಗಲಿಯಲ್ಲಿ ಕೂತು ಕಂಡೆ. ಗೋಡೆಯ ಮೇಲೆ ಮನುಷ್ಯನ ನೆರಳು ಮಾತ್ರ ಉಳಿದಿತ್ತು. ಚಂದ್ರನ ಮೇಲೆ ನಡೆದವರನ್ನೂ ಅಲ್ಲೇ ಕಂಡದ್ದು.

ಯಶವಂತ ಕೇಳಿಸಿಕೊಳ್ಳುತ್ತಿದ್ದವನು ಲ್ಯಾಪ್‌ಟಾಪ್ ತಂದ. "ಮಾವ, ಅದು ಅಮೆರಿಕದವರು ಇಂಡಿಯಾಕ್ಕೆ ಒಂದು ವರ್ಷಕ್ಕೆ ಎರವಲು ಕೊಟ್ಟ ಸ್ಯಾಟಲೈಟು. ಎಲ್ಲಿ ನಿಂತಿತ್ತು ಗೊತ್ತಾ?"

"ಪಡುವಣದಲ್ಲಿ. ಅರಬ್ಬೀ ಸಮುದ್ರದ ಮೇಲೆ."

"ಅಲ್ಲ. ಇಲ್ಲಿ." ನಕ್ಷೆಯ ಮೇಲೆ ಬೆರಳಿಟ್ಟ. "ಕೀನ್ಯಾ. ವಿಕ್ಟೋರಿಯಾ ಸರೋವರದ ಪಕ್ಕ, ಸಮಭಾಜಕದ ಮೇಲೆ. ನಮ್ಮನೆಯಿಂದ ಇನ್ನೂರೈವತ್ತು ಕಿಲೋಮೀಟರ್ ಆಗಬಹುದು. ಅಲ್ಲಿಂದ ಮೇಲಕ್ಕೆ ಮೂವತ್ತಾರು ಸಾವಿರ ಕಿಲೋಮೀಟರ್."

ಒಂದು ವರ್ಷ ಪೂರ್ತಿ ನಮ್ಮ ಕೊಡೆ ಮುಖ ಮಾಡಿದ್ದು ಈ ಕಡೆಗೆ. ನಾನು ಈಗ ಕೂತಿರುವ ಕುರ್ಚಿಯ ಕಡೆಗೆ.

೩ ಫೆಬ್ರವರಿ

ಬೆಳಿಗ್ಗೆ ಕಾಂಪೌಂಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಮೇಲೆ ನೋಡುತ್ತಾ ಕೂತೆ. ಇಂಡಸ್ಟ್ರಿಯಲ್ ಏರಿಯಾದ ಹೊಗೆ ಬಿಟ್ಟರೆ ಬರೀ ನೀಲಿ. ಅಲ್ಲೇ ಎಲ್ಲೋ ಇತ್ತು. ರಾಯಚೂರಿನ ಕಲ್ಲುಹೊಲದವರಿಗೆ ಸಮುದ್ರ ತೋರಿಸಿದ್ದು, ಬಾಣಂತಿಗೆ ಏನು ತಿನ್ನಿಸಬೇಕು ಅಂತ ಹೇಳಿದ್ದು, ಎಲ್ಲ ಈ ನೀಲಿಯಿಂದ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು.

ಬರಬೇಕಾದ ದಿನವಲ್ಲದಿದ್ದರೂ ಮೇರಿ ಬಂದಿದ್ದಳು, ನಾಳೆ ರಜ ಬೇಕಂತೆ. ಅವಳಿಗೇ ಹೇಳಿದೆ. ಅವಳ ತವರು ಆ ಸರೋವರದ ಕಡೆಯೇ. ಎಪ್ಪತ್ತೈದರಲ್ಲಿ ಅವಳಿಗೆ ಹನ್ನೆರಡು ವರ್ಷ.

"ನಮ್ಮ ತಲೆ ಮೇಲೆ ನಿಂತು ನಿಮ್ಮೂರಿಗೆ ಚಿತ್ರ ಕಳಿಸುತ್ತಿತ್ತಾ? ನಮಗೆ ಒಂದೂ ತೋರಿಸಲಿಲ್ಲವಲ್ಲ ಮ್ವಾಲಿಮು," ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳ ಅಪ್ಪ ಮುಥೈಗಾದ ಒಂದು ಬಿಳಿಯರ ಬಂಗಲೆಯಲ್ಲಿ ಅಡುಗೆಯವನಂತೆ. ಅರವತ್ಮೂರರಲ್ಲಿ ಸ್ವಾತಂತ್ರ್ಯ ಬಂದಾಗ ಅವರ ಬಾವುಟ ಇಳಿದು ತನ್ನ ಬಾವುಟ ಏರಿದ್ದನ್ನು ಆತ ನೋಡಿದ್ದು ಆ ಮನೆಯ ಟಿ.ವಿ.ಯಲ್ಲಿ, ಟ್ರೇ ಹಿಡಿದು ಬಾಗಿಲಲ್ಲಿ ನಿಂತು. ಟೀ ಆರಿಹೋಯಿತು, ಯಾರೂ ಕೇಳಲಿಲ್ಲ. ಸಾಯುವವರೆಗೂ ಅದನ್ನೇ ಹೇಳುತ್ತಿದ್ದನಂತೆ. ನನಗೆ ಅವನ ಪರಿಚಯ ಮೊದಲಿಂದ ಇದ್ದ ಹಾಗೆ ಅನ್ನಿಸಿತು.

ಚೆಂಡು ನಲವತ್ತು ಸಲ ಹಿಸುಕಿದೆ. ಕೇಳಿದ್ದಕ್ಕಿಂತ ಹೆಚ್ಚು.

೮ ಫೆಬ್ರವರಿ

ಪ್ರಣತಿ ತನ್ನ ಕಥೆ ಓದಿ ಹೇಳಿದಳು. ಕೊನೆಯಲ್ಲಿ ನಿಲ್ಲಿಸಿ ಅಪ್ಪನನ್ನು ಕೇಳಿದಳು, ಸ್ಯಾಟಲೈಟ್ ಒಂದೇ ವರ್ಷಕ್ಕೆ ಅಂತ ಮೊದಲೇ ಗೊತ್ತಿತ್ತಾ ಅಂತ. ಗೊತ್ತಿತ್ತು, ಜುಲೈ ಮೂವತ್ತೊಂದಕ್ಕೆ ಮುಗಿಯಿತು, ವಾಪಸ್ಸು ಸರಿಸಿಕೊಂಡರು ಅಂದ ಅವನು.

"ಹಾಗಾದ್ರೆ ಆ ಹುಡುಗಿ ಕೆಡಿಸಲಿಲ್ಲ," ಅಂದಳು. ಕನ್ನಡದಲ್ಲಿ.

ಊಟ ಮಾಡು ಅಂದೆ.

೧೧ ಫೆಬ್ರವರಿ

ಕೈ ನೋವು. ಬರೆಯಲ್ಲ.

೧೬ ಫೆಬ್ರವರಿ

ಶನಿವಾರ ಹಳೇ ಪ್ರಸಾರ ನಿಂತುಹೋಯಿತು. ಚಾನೆಲ್ಲಿನವರು ಹೂಡಿದ್ದ ಕೇಸಿನಲ್ಲಿ ಕೋರ್ಟಿನ ತೀರ್ಪು ಬಂದ ಮೇಲೆ ಒಂದೇ ದಿನದಲ್ಲಿ ಊರಿನ ಎಷ್ಟೋ ಪರದೆ ಕಪ್ಪಾದವು. ಯಶವಂತನ ಫೋನು ಬಾಯಿ ಮುಚ್ಚುತ್ತಿಲ್ಲ.

ಮೇರಿ ಇವತ್ತು ತಾನಿರುವ ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಾಯಿಸಿ ಬಂದವಳು ಬ್ಯಾಗು ಇಳಿಸುತ್ತಲೇ ಶುರು ಮಾಡಿದಳು. ಅವರ ಮನೆಯ ಸಾಲಿನಲ್ಲಿ ಜನ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ್ದೇ ತಿರುಗಿಸಿದ್ದು. ಪಕ್ಕದ ಮನೆಯವನು ತನ್ನ ಮಗಳ ಕೆನ್ನೆಗೆ ಹೊಡೆದನಂತೆ. ಬಟ್ಟೆ ಒಣಗಿಸುವಾಗ ತಂತಿ ಎಳೆದು ನೀನೇ ಕೆಡಿಸಿದ್ದು ಅಂತ.

"ನಾನು ಹೋಗಿ ಕೂಗಾಡಿದೆ. ತಿಂಗಳುಗಟ್ಟಲೆ ಪೇಪರಿನಲ್ಲಿ ಹಾಕಿದ್ದರು, ರೇಡಿಯೋದಲ್ಲಿ ಹೇಳಿದ್ದರು. ಇವನು ಕೇಳಿಸಿಕೊಂಡಿಲ್ಲ, ಏಟು ಮಗುವಿಗೆ."

"ಆಮೇಲೆ ಅವನು ಏನಂದ?" ಅಂದೆ.

"ಡಬ್ಬಿ ತಂದ. ಮಗಳ ಹತ್ತಿರ ಹೋಗಿ ಪೋಲೆ ಅಂದ, ತಪ್ಪಾಯ್ತು ಅಂತ. ಇನ್ನೇನು ಮಾಡುತ್ತಾನೆ?"

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ನಾನು ಕೈ ಎಳೆದುಕೊಂಡೆ. ನೋವಾಯ್ತಾ ಅಂದಳು. ಇಲ್ಲ ಅಂದೆ.

೧೭ ಫೆಬ್ರವರಿ

ಇವತ್ತು ಶಿವರಾತ್ರಿ. ಉಪವಾಸ. ಯಾರೂ ಓದುವುದಿಲ್ಲ ಅಂತ ಮೇರಿ ಹೇಳಿದ್ದಾಳೆ, ಬರೆದುಬಿಡುತ್ತೇನೆ.

ಆ ಹುಡುಗಿ ಹಂಪಮ್ಮ. ಆರನೇ ಕ್ಲಾಸು. ದಿನಾ ಎಲ್ಲರಿಗಿಂತ ಮೊದಲು ಬಂದು ಜಗಲಿ ಗುಡಿಸಿ ಪೆಟ್ಟಿಗೆಯ ಎದುರು ಕೂರುತ್ತಿದ್ದಳು. ಎಪ್ಪತ್ತಾರರ ಜುಲೈ ಕೊನೆಯಲ್ಲಿ ಮಂಗಳ ಗ್ರಹದಲ್ಲಿ ಇಳಿದ ಯಂತ್ರದ ಚಿತ್ರ ತೋರಿಸಿದರು. ಬರೀ ಕಲ್ಲು. ನಮ್ಮ ಹೊಲ ಇದ್ದಂಗೈತಲ್ಲ ಅಂತ ಒಬ್ಬ ಮುದುಕಿ ಅಂದಳು, ಎಲ್ಲರೂ ನಕ್ಕರು. ಹಂಪಮ್ಮ ನಗಲಿಲ್ಲ. ಅದು ಎಲ್ಲೈತ್ರಿ ಸರ ಅಂತ ನನ್ನ ಬೆನ್ನು ಹತ್ತಿದಳು. ಒಂದು ಸಂಜೆ ಪಡುವಣದಲ್ಲಿ ಕಾಣುವ ಕೆಂಪು ಚುಕ್ಕೆ ತೋರಿಸಿದೆ. ಎಷ್ಟು ಹೊತ್ತು ನೋಡುತ್ತಾ ನಿಂತಿದ್ದಳು ಅಂದರೆ ಅವಳ ಅವ್ವ ಬಂದು ಕರೆದುಕೊಂಡು ಹೋಗಬೇಕಾಯಿತು.

ಆಗಸ್ಟ್ ಒಂದು, ಭಾನುವಾರ. ಬೀಗ ತೆಗೆದರೆ ಬರೀ ಸುಂಯ್ ಅನ್ನುವ ಸದ್ದು. ಇನ್ನೂರು ಜನ ಕಾಯುತ್ತಿದ್ದಾರೆ. ಹೊರಗೆ ಬಂದು ನೋಡಿದರೆ ಹಂಪಮ್ಮ ಮಾಳಿಗೆ ಮೇಲೆ, ಎರಡೂ ಕೈಯಲ್ಲಿ ಕೊಡೆ ಹಿಡಿದುಕೊಂಡು. ಇಳಿಸಿ ಕೇಳಿದೆ. ಕೆಂಪು ಚುಕ್ಕಿ ಕಡೆ ತಿರುವಿದೆ ಸರ, ಕಲ್ಲು ಇನ್ನೊಮ್ಮಿ ಕಾಣ್ತಾವೇನೋ ಅಂತ ಅಂದಳು. ನಾನು ಬೆತ್ತ ತರಿಸಿದೆ. ಊರೆಲ್ಲ ನೋಡುತ್ತಿದ್ದ ಹಾಗೆ ಹೊಡೆದೆ. ಊರಿನ ಕಣ್ಣು ಕಿತ್ತೆಯಲ್ಲೇ ಅಂದೆ. ಆ ಮಾತು ಊರಿಗೆ ಹಿಡಿಸಿಬಿಟ್ಟಿತು. ಮಾರನೇ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಕೊಡೆಯನ್ನು ಎಷ್ಟು ತಿರುಗಿಸಿದರೂ ಚಿತ್ರ ಬರಲಿಲ್ಲ. ಪ್ರಸಾರ ಒಂದು ವರ್ಷ ಅಂತ ಶುರುವಿನಲ್ಲಿ ಬಾಯಿಮಾತಿಗೆ ಹೇಳಿದ್ದರು. ಸರ್ಕಾರದ ಒಂದು ವರ್ಷ ಯಾವತ್ತು ಒಂದೇ ವರ್ಷಕ್ಕೆ ಮುಗಿದಿದೆ, ನಾವು ಮರೆತಿದ್ದೆವು.

ಹದಿನೈದು ದಿನ ಆದಮೇಲೆ ಫೈಲಿನಲ್ಲಿ ಬೇರೆ ಏನೋ ಹುಡುಕುವಾಗ ಒಂದು ಕಾಗದ ಸಿಕ್ಕಿತು. ಇಂಗ್ಲಿಷ್ ಸುತ್ತೋಲೆ. ಜುಲೈ ಮೂವತ್ತೊಂದಕ್ಕೆ ಪ್ರಸಾರ ನಿಲ್ಲುತ್ತದೆ, ಉಪಗ್ರಹವನ್ನು ಹಿಂದಕ್ಕೆ ಪಡೆಯುತ್ತಾರೆ, ಇದನ್ನು ಗ್ರಾಮಸ್ಥರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಮೂಲೆಯಲ್ಲಿ ಆವಕ ಸಂಖ್ಯೆ ೨೧೨, ಜುಲೈ ಒಂಬತ್ತು. ಅದರ ಕೆಳಗೆ ನನ್ನ ಕೈಬರಹದಲ್ಲಿ ‘ನೋಡಿದೆ’, ನನ್ನ ಸಹಿ. ಆ ವಾರ ಇನ್ಸ್‌ಪೆಕ್ಷನ್ ಇತ್ತು. ಟಪಾಲಿನಲ್ಲಿ ಬಂದ ಕಾಗದಕ್ಕೆಲ್ಲ ನಂಬರ್ ಹಾಕಿ, ‘ನೋಡಿದೆ’ ಅಂತ ಗೀಚಿ ಫೈಲಿಗೆ ಸೇರಿಸಿದ್ದೆ. ಒಂದನ್ನೂ ಓದಿರಲಿಲ್ಲ.

ಆ ಕಾಗದವನ್ನು ವಾಪಸ್ಸು ಅಲ್ಲೇ ಇಟ್ಟೆ. ಹಂಪಮ್ಮನ ಮನೆಗೆ ಹೋಗಲಿಲ್ಲ. ಮುಂದಿನ ವರ್ಷ ವರ್ಗ ಮಾಡಿಸಿಕೊಂಡೆ. ವತ್ಸಲಾಗೆ ಕೊನೆಯವರೆಗೂ ಹೇಳಲಿಲ್ಲ. ಹೆಂಡತಿಗೂ ಹೇಳದ್ದನ್ನು ನೋಟ್‌ಬುಕ್ಕಿಗೆ ಹೇಳುತ್ತಿದ್ದೇನೆ, ನಾಚಿಕೆಯಾಗಬೇಕು.

ಅವಳು ಬದುಕಿದ್ದರೆ ಐವತ್ತು ವರ್ಷ. ನಾನು ಹೇಳದೆ ಸತ್ತರೆ ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ.

೨೨ ಫೆಬ್ರವರಿ

ನಿರುಪಮಾಗೂ ಯಶವಂತನಿಗೂ ಹೇಳಿದೆ. ನಿರುಪಮಾ ಕಾಫಿ ಲೋಟ ಕೆಳಗಿಟ್ಟಳು.

"ಅಪ್ಪ, ಆಗ ನನಗೆ ಐದು ವರ್ಷ. ಆ ಅಕ್ಕ ಯಾಕೆ ನಮ್ಮನೆಗೆ ಬರಲ್ಲ ಅಂತ ಕೇಳಿದ್ದು ನೆನಪಿದೆ. ತರಲೆ ಹುಡುಗಿ, ಅವಳ ಜೊತೆ ಸೇರಬೇಡ ಅಂದಿರಿ ನೀವು," ಅಂದಳು. ಎದ್ದು ಹೋದಳು. ನನ್ನ ಹತ್ತಿರ ಅವಳು ಇವತ್ತೆಲ್ಲ ಮಾತಾಡಿಲ್ಲ. ಅವಳ ತಪ್ಪೇನಿದೆ.

ಪ್ರಣತಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಫೋನ್ ಹಿಡಿದು ಬಂದು ಪಕ್ಕದಲ್ಲಿ ಕೂತಳು. "ಸ್ಕೂಲಿನ ಹೆಸರು ಸ್ಪೆಲ್ ಮಾಡು ತಾತ," ಅಂದಳು. ಅರ್ಧ ಗಂಟೆಯಲ್ಲಿ ಜಿಲ್ಲೆಯ ಶಾಲೆಗಳ ಪಟ್ಟಿ, ಅದರಲ್ಲಿ ಯರಗಲ್ಲು, ಮುಖ್ಯೋಪಾಧ್ಯಾಯರ ನಂಬರು, ಎಲ್ಲ ಹುಡುಕಿ ಕೊಟ್ಟಳು. ನಮ್ಮ ಕಾಲದಲ್ಲಿ ಆ ಊರಿಗೆ ಕಾಗದ ಮುಟ್ಟುವುದಕ್ಕೆ ನಾಲ್ಕು ದಿನ ಬೇಕಿತ್ತು. ಅವಳ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆ. ಈ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಅಂದವನು ಯಾವ ಮೂರ್ಖ.

೨ ಮಾರ್ಚ್

ಬೆಳಿಗ್ಗೆ ಎಂಟೂವರೆ. ಅಲ್ಲಿ ಹನ್ನೊಂದು. ಈಗಿನ ಮುಖ್ಯೋಪಾಧ್ಯಾಯರು ಒಳ್ಳೆಯವರು. ಹಂಪಮ್ಮ ಅಂತ ಒಬ್ಬಳು ಇದ್ದಳಲ್ಲ ಅಂದೆ, ಎಲ್ಲಿದ್ದಾಳೆ ಅಂತ ಕೇಳುವಷ್ಟರಲ್ಲಿ, "ಇಲ್ಲೇ ಅದಾರಲ್ರಿ, ಬಿಸಿಯೂಟ ಮಾಡೋರು ಅವರೇ," ಅಂದರು. ನಾನು ಹೊಡೆದು ಓಡಿಸಿದ ಶಾಲೆಯಲ್ಲೇ ಮಕ್ಕಳಿಗೆ ಅನ್ನ ಬೇಯಿಸುತ್ತಿದ್ದಾಳೆ. ಫೋನು ಅವಳ ಕೈಗೆ ಹೋಯಿತು.

"ಯಾರು, ಸೂರ್ಯನಾರಾಯಣ ಮಾಸ್ತರ? ಆರಾಮ ಅದೀರೇನ್ರಿ ಸರ?"

ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ. ಅವತ್ತು ಟಿ.ವಿ. ಕೆಡಿಸಿದ್ದು ನೀನಲ್ಲಮ್ಮ ಅಂದೆ.

"ಅಲ್ರಿ ಸರ, ನಾನ ತಿರುವಿದ್ದು ಖರೇನ ಐತ್ರಿ. ಸುಳ್ಳು ಯಾಕ್ ಹೇಳ್ಲಿ. ನನ್ನ ಮಕ್ಕಳಿಗೂ ಹೇಳೀನಿ. ಊರಾಗ ಇನ್ನೂ ಟಿ.ವಿ. ಹಂಪಮ್ಮ ಅಂತಾರ. ಈಗ ಮನ್ಯಾಗ ದೊಡ್ಡ ಟಿ.ವಿ. ಐತ್ರಿ, ನಾ ಮುಟ್ಟಂಗಿಲ್ಲ. ಸೊಸಿನ ಹಚ್ತಾಳ, ಸೊಸಿನ ಆರಸ್ತಾಳ."

ಮೂವತ್ತೆಂಟು ವರ್ಷ ಅವಳು ಇದನ್ನು ನಂಬಿಕೊಂಡೇ ಇದ್ದಾಳೆ. ಅವಳು ನನ್ನನ್ನು ಶಪಿಸುತ್ತಿದ್ದಾಳೆ ಅಂದುಕೊಂಡಿದ್ದೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಎಲ್ಲ ಹೇಳಿದೆ. ನೀನು ತಿರುಗಿಸದಿದ್ದರೂ ಅವತ್ತು ಬರುತ್ತಿರಲಿಲ್ಲ, ಹಿಂದಿನ ದಿನವೇ ನಿಲ್ಲಿಸಿಬಿಟ್ಟಿದ್ದರು ಅಂತ. ಕಾಗದ ಬಂದಿತ್ತು, ಅದಕ್ಕೆ ನಾನೇ ನಂಬರ್ ಹಾಕಿದ್ದೆ ಅಂತ. ಓದದೆ ಸಹಿ ಹಾಕಿದ್ದು, ಆಮೇಲೆ ಓದಿ ಮುಚ್ಚಿಟ್ಟಿದ್ದು. ತಪ್ಪಾಯ್ತಮ್ಮ ಅಂದೆ. ಆ ಕಡೆ ಪಾತ್ರೆ ಸದ್ದು, ಮಕ್ಕಳ ಗಲಾಟೆ.

"ಹದಿನೈದು ದಿನಕ್ಕ ಗೊತ್ತಾತು ಅಂತೀರಿ. ನಮ್ಮನಿ ಸಾಲಿಯಿಂದ ಎಷ್ಟು ದೂರ ಇತ್ರಿ ಸರ?"

"ನಾಲ್ಕನೇ ಮನೆ."

"ಹೂಂ." ಸೌಟು ಆಡಿಸಿದ ಸದ್ದು. "ಅದು ಎಲ್ಲಿತ್ರಿ, ಆ ಚಿತ್ರ ಕಳಸಾದು?"

ನಾನು ಈಗ ಇರುವ ದೇಶದ ಮೇಲೆ ಅಂದೆ. ಎಷ್ಟು ಎತ್ತರ ಅನ್ನುವುದನ್ನೂ, ನಮ್ಮ ಕೊಡೆ ಒಂದು ವರ್ಷ ಇಲ್ಲಿಗೇ ಮುಖ ಮಾಡಿತ್ತು ಅನ್ನುವುದನ್ನೂ ಹೇಳಿದೆ. ಈಗೂ ಐತೇನ್ರಿ ಅಂದಳು. ಇಲ್ಲಮ್ಮ, ಯಾವಾಗಲೋ ಕೆಲಸ ಮುಗಿಯಿತು ಅಂದೆ.

"ಆ ಕಾಗದದ ನಂಬರ್ ಎಷ್ಟಂದ್ರಿ?"

"ಆವಕ ಇನ್ನೂರ ಹನ್ನೆರಡು. ಎಪ್ಪತ್ತಾರು."

"ಅನ್ನ ಸೀದೀತು, ಇಡ್ತೀನ್ರಿ," ಅಂದು ಇಟ್ಟಳು. ಕ್ಷಮಿಸಿದೆ ಅಂತಲೂ ಇಲ್ಲ, ಬೈಗುಳವೂ ಇಲ್ಲ. ಕೇಳುವುದಕ್ಕೆ ನನಗೆ ಯಾವ ಮುಖ.

ನಿರುಪಮಾ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಅತ್ತುಬಿಟ್ಟೆ.

೫ ಮಾರ್ಚ್

ಮೇರಿ ಬೆಳಿಗ್ಗೆ ಫೋನ್ ಮಾಡಿದ್ದಳು, ನಿಂತಿದ್ದ ಚಾನೆಲ್ಲುಗಳು ಈಗ ಡಬ್ಬಿಯ ಮೂಲಕ ಮತ್ತೆ ಬರುತ್ತಿವೆಯಂತೆ. ಕಸರಾನಿಯಲ್ಲಿ ಜನ ಬೀದಿಗೆ ಬಂದು ಕೂಗಿದರಂತೆ. ನಾಳೆ ಬರುತ್ತಾಳೆ. ಡಾಕ್ಟರೂ ಏಪ್ರಿಲಿನಲ್ಲಿ ಊರಿಗೆ ಹೋಗಬಹುದು ಅಂದಿದ್ದಾರೆ. ಯರಗಲ್ಲಿಗೆ ನಾನೂ ಬರ್ತೀನಿ, ಆದರೆ ರಜ ಸಿಗೋವರೆಗೆ ಕಾಯಬೇಕು ತಾತ ಅಂತ ಪ್ರಣತಿ ಅಪ್ಪಣೆ. ಕಾಯುತ್ತೇನೆ.

ಮಧ್ಯಾಹ್ನ ಪ್ರಣತಿಯ ಫೋನಿಗೆ ಒಂದು ಫೋಟೋ ಬಂತು, ಮುಖ್ಯೋಪಾಧ್ಯಾಯರು ಕಳಿಸಿದ್ದು. ಹಂಪಮ್ಮ ಮೂರು ದಿನದಿಂದ ಅಡುಗೆ ಮುಗಿಸಿ ಹಳೇ ಬೀರುವಿನ ಮುಂದೆ ಕೂತು ಫೈಲುಗಳನ್ನೆಲ್ಲ ಇಳಿಸಿದರು ಅಂತ ಬರೆದಿದ್ದರು. ಸಿಕ್ಕ ಕಾಗದವನ್ನು ನಿನ್ನೆ ಮುಖ್ಯೋಪಾಧ್ಯಾಯರ ಕೈಯಲ್ಲೇ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡರಂತೆ. ಒಂದು ಸಲ ಅಲ್ಲ, ಮೂರು ಸಲ.

ಅದೇ ಕಾಗದ. ಅಂಚು ಗೆದ್ದಲು ತಿಂದಿದೆ. ಮೂಲೆಯಲ್ಲಿ ೨೧೨. ಕೆಳಗೆ ನನ್ನ ಆಗಿನ ಅಕ್ಷರ, ಎಷ್ಟು ಚೆನ್ನಾಗಿತ್ತು ನನ್ನ ಅಕ್ಷರ. ‘ನೋಡಿದೆ.’ ಅದರ ಕೆಳಗೆ ನೀಲಿ ಪೆನ್ನಿನಲ್ಲಿ ದಪ್ಪ ದಪ್ಪ ಅಕ್ಷರ, ಆರನೇ ಕ್ಲಾಸಿಗೆ ನಿಂತುಹೋದ ಅಕ್ಷರ.

ಪ್ರಣತಿ ನನ್ನನ್ನು ಕೇಳದೆ ತಾನೇ ಒಂದೊಂದಾಗಿ ಕೂಡಿಸಿ ಓದಿದಳು.

"ಪೂರಾ ಓದಿಸಿ ನೋಡೀನಿ. ಹಂಪಮ್ಮ. ೪-೩-೨೦೧೫."

ಫೋಟೋ ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇವತ್ತು ಚೆಂಡು ಹಿಸುಕಲಿಲ್ಲ. ಚಾರ್ಟಿನಲ್ಲಿ ಇವತ್ತಿನ ಸಹಿ ಹಾಕಿಲ್ಲ.